ಲಿನಕ್ಸ್ ಸರ್ವರ್ ಕೈಕೊಟ್ಟಾಗ: ರೀಬೂಟ್‌ಗೆ ಮುಂಚೆ ನೋಡಬೇಕಾದ್ದು

ಸರ್ವರ್ ಸ್ಪಂದಿಸುತ್ತಿಲ್ಲ ಎಂಬ ಸುದ್ದಿ ಬಂದ ಕೂಡಲೇ ಹೆಚ್ಚಿನವರ ಕೈ ಹೋಗುವುದು ರೀಬೂಟ್ ಕಡೆಗೆ. ರೀಬೂಟ್ ಮಾಡಿದರೆ ಎಷ್ಟೋ ಸಲ ಸರಿಹೋಗಿಯೂ ಬಿಡುತ್ತದೆ, ತೊಂದರೆ ಇರುವುದೇ ಅಲ್ಲಿ. ಯಾವ ಪ್ರೋಸೆಸ್ ಮೆಮೊರಿ ನುಂಗುತ್ತಿತ್ತು, ಯಾವ ಫೈಲ್ ತೆರೆದುಕೊಂಡಿತ್ತು, ಯಾವ ಕನೆಕ್ಷನ್ ಸಿಕ್ಕಿಹಾಕಿಕೊಂಡಿತ್ತು ಎಂಬ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಕಾರಣ ಹಾಗೇ ಉಳಿದಿರುವುದರಿಂದ ಅದೇ ಸಮಸ್ಯೆ ಮತ್ತೆ ಬರುತ್ತದೆ, ಸಾಮಾನ್ಯವಾಗಿ ಇನ್ನೂ ಕೆಟ್ಟ ಹೊತ್ತಿನಲ್ಲಿ. ಹಾಗಾಗಿ ಮೊದಲು ನೋಡಿ, ಬರೆದಿಟ್ಟುಕೊಳ್ಳಿ, ಆಮೇಲೆ ಮುಟ್ಟಿ. ಕೆಳಗಿನ ಹಂತಗಳೆಲ್ಲ ಈ ಕ್ರಮದಲ್ಲೇ ಇವೆ.

ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಎಲ್ಲವೂ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಮೊದಲ ಐದು ನಿಮಿಷ

ದೂರು ಹೇಳಿದವರಿಂದ ಮೂರು ವಿಷಯ ಕೇಳಿ ತಿಳಿದುಕೊಳ್ಳಿ: ನಿಖರವಾಗಿ ಏನು ಕೆಲಸ ಮಾಡುತ್ತಿಲ್ಲ, ಯಾವಾಗಿನಿಂದ, ಅದಕ್ಕೆ ಮುಂಚೆ ಏನು ಬದಲಾಯಿತು. "ಸೈಟ್ ಹೋಗಿದೆ" ಎಂಬುದಕ್ಕೂ "ಲಾಗಿನ್ ಪುಟ ಬರುತ್ತದೆ, ಪಾಸ್‌ವರ್ಡ್ ಕೊಟ್ಟ ಮೇಲೆ 502 ಬರುತ್ತದೆ" ಎಂಬುದಕ್ಕೂ ಅಜಗಜಾಂತರ. ಎರಡನೆಯದು ಅರ್ಧ ಉತ್ತರವನ್ನೇ ಹೇಳಿಬಿಟ್ಟಿದೆ: ವೆಬ್ ಸರ್ವರ್ ಬದುಕಿದೆ, ಅದರ ಹಿಂದಿನ ಅಪ್ಲಿಕೇಷನ್ ಉತ್ತರಿಸುತ್ತಿಲ್ಲ.

ಸರ್ವರ್‌ಗೆ ಲಾಗಿನ್ ಆದ ಮೇಲೆ ಇವನ್ನು ಒಂದರ ಹಿಂದೆ ಒಂದು ಓಡಿಸಿ:

1. 'ಅಪ್‌ಟೈಮ್'. ಸರ್ವರ್ ತಾನಾಗಿಯೇ ರೀಬೂಟ್ ಆಗಿದೆಯೇ, ಲೋಡ್ ಎಷ್ಟು ಎಂಬುದು ಒಂದೇ ಸಾಲಿನಲ್ಲಿ ಸಿಗುತ್ತದೆ.
2. 'ಡಿಮೆಸ್‌ಜಿ -ಟಿ', ಟಿ ದೊಡ್ಡಕ್ಷರ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಏನಾದರೂ ಗೋಳಾಡುತ್ತಿದೆಯೇ ನೋಡಿ. ಕೊನೆಯ ಐವತ್ತು ಸಾಲು ಸಾಕು.
3. 'ಡಿಎಫ್ -ಎಚ್' ಮತ್ತು 'ಡಿಎಫ್ -ಐ'. ಎರಡೂ ಬೇಕು. ಯಾಕೆಂದು ಮುಂದೆ ಹೇಳುತ್ತೇನೆ.
4. 'ಫ್ರೀ -ಎಚ್'. ಮೆಮೊರಿಯ ಲೆಕ್ಕ.
5. 'ಸಿಸ್ಟಮ್‌ಸಿಟಿಎಲ್ --ಫೇಲ್ಡ್'. ಬಿದ್ದಿರುವ ಸರ್ವಿಸ್‌ಗಳ ಪಟ್ಟಿ.
6. 'ಜರ್ನಲ್‌ಸಿಟಿಎಲ್ -ಪಿ ಎರರ್ -ಬಿ'. ಜರ್ನಲ್, ಅಂದರೆ ಸಿಸ್ಟಮ್‌ನ ಲಾಗ್‌ನಿಂದ, ಈ ಬೂಟ್‌ನಲ್ಲಿ ದಾಖಲಾದ ದೋಷಗಳು ಮಾತ್ರ. ಟೈಪ್ ಮಾಡುವಾಗ ಎರರ್ ಎಂಬುದಕ್ಕೆ ಮೂರೇ ಅಕ್ಷರ: ಇ, ಆರ್, ಆರ್.

ಬಂದ ಔಟ್‌ಪುಟ್ಟನ್ನು ನಿಮ್ಮ ಸ್ವಂತ ಕಂಪ್ಯೂಟರ್‌ಗೆ ಕಾಪಿ ಮಾಡಿ ಇಟ್ಟುಕೊಳ್ಳಿ. ಏನು ಬದಲಾಯಿತು ಎಂಬ ಪ್ರಶ್ನೆಗೆ ಮನುಷ್ಯರ ನೆನಪಿಗಿಂತ ಪ್ಯಾಕೇಜ್ ಇತಿಹಾಸ ನಂಬಿಕಸ್ಥ. ಡೆಬಿಯನ್, ಉಬುಂಟುಗಳಲ್ಲಿ '/ವಾರ್/ಲಾಗ್/ಎಪಿಟಿ/ಹಿಸ್ಟರಿ.ಲಾಗ್', ರೆಡ್‌ಹ್ಯಾಟ್ ಕುಟುಂಬದಲ್ಲಿ 'ಡಿಎನ್‌ಎಫ್ ಹಿಸ್ಟರಿ'. ರಾತ್ರಿ ತಾನಾಗಿಯೇ ಆದ ಅಪ್‌ಡೇಟ್‌ಗಳೂ ಅಲ್ಲಿ ಕಾಣುತ್ತವೆ.

ಡಿಸ್ಕ್ ತುಂಬಿದಾಗ

ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದೇ, ಎಲ್ಲಕ್ಕಿಂತ ಹೆಚ್ಚು ವೇಷ ಹಾಕುವುದೂ ಇದೇ. ಡೇಟಾಬೇಸ್ ನಿಂತುಹೋಗುತ್ತದೆ, ಲಾಗಿನ್ ಸೆಷನ್ ಉಳಿಯುವುದಿಲ್ಲ, ಅಪ್‌ಡೇಟ್ ಅರ್ಧಕ್ಕೆ ಮುರಿಯುತ್ತದೆ. ಎಲ್ಲದರ ಬುಡದಲ್ಲಿ "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂಬ ಒಂದೇ ಸಾಲು ಇರುತ್ತದೆ.

ಯಾವ ಫೈಲ್‌ಸಿಸ್ಟಮ್ ತುಂಬಿದೆ ಎಂದು 'ಡಿಎಫ್ -ಎಚ್' ಹೇಳುತ್ತದೆ. ಒಳಗೆ ಯಾವ ಡೈರೆಕ್ಟರಿ ದಪ್ಪ ಎಂದು ತಿಳಿಯಲು 'ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್' ಕೊಡಿ. ಇಲ್ಲಿನ ಎಕ್ಸ್ ಮುಖ್ಯ; ಅದಿದ್ದರೆ ಬೇರೆ ಮೌಂಟ್‌ಗಳಿಗೆ (ಡೈರೆಕ್ಟರಿಯೊಂದಕ್ಕೆ ಜೋಡಿಸಿದ ಬೇರೆ ಡಿಸ್ಕ್‌ಗಳಿಗೆ) ಹೋಗದೆ ಇದೇ ಫೈಲ್‌ಸಿಸ್ಟಮ್‌ನಲ್ಲಿ ಮಾತ್ರ ಎಣಿಸುತ್ತದೆ. ದಪ್ಪ ಡೈರೆಕ್ಟರಿ ಸಿಕ್ಕಿದ ಮೇಲೆ ಅದರೊಳಗೆ ಇಳಿದು ಮತ್ತೆ ಅದೇ ಕಮಾಂಡ್.

ಈಗ ಹೊಸಬರನ್ನು ಕಂಗಾಲು ಮಾಡುವ ಸನ್ನಿವೇಶ. 40 ಜಿಬಿ ಡಿಸ್ಕ್. ಡಿಎಫ್ ಪ್ರಕಾರ 40 ಕ್ಕೆ 40 ತುಂಬಿದೆ. ಡಿಯು ಎಷ್ಟು ಸಲ ಎಣಿಸಿದರೂ 11 ಜಿಬಿ ದಾಟುವುದಿಲ್ಲ. ಉಳಿದ 29 ಜಿಬಿ ಎಲ್ಲಿ? ಯಾರೋ ದೊಡ್ಡ ಲಾಗ್ ಫೈಲನ್ನು 'ಆರ್‌ಎಂ' ಮಾಡಿರುತ್ತಾರೆ, ಆದರೆ ಅದಕ್ಕೆ ಬರೆಯುತ್ತಿದ್ದ ಪ್ರೋಸೆಸ್ ಇನ್ನೂ ಅದನ್ನು ತೆರೆದೇ ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಿ ಆರ್‌ಎಂ ಅಳಿಸುವುದು ಹೆಸರನ್ನು ಮಾತ್ರ. ಕೊನೆಯ ಪ್ರೋಸೆಸ್ ಫೈಲನ್ನು ಮುಚ್ಚುವವರೆಗೂ ಜಾಗ ಬಿಡುಗಡೆಯಾಗುವುದಿಲ್ಲ. ಹೆಸರಿಲ್ಲದ್ದನ್ನು ಡಿಯು ಎಣಿಸಲಾರದು, ಡಿಎಫ್‌ಗೆ ಅದು ಕಾಣುತ್ತಲೇ ಇರುತ್ತದೆ.

ಹುಡುಕಲು 'ಎಲ್‌ಎಸ್‌ಓಎಫ್ +ಎಲ್1', ಎಲ್ ದೊಡ್ಡಕ್ಷರ. ಯಾವ ಪ್ರೋಸೆಸ್, ಅದರ ಪಿಐಡಿ (ಪ್ರೋಸೆಸ್‌ನ ಗುರುತಿನ ಸಂಖ್ಯೆ), ಫೈಲ್ ಡಿಸ್ಕ್ರಿಪ್ಟರ್ (ಪ್ರೋಸೆಸ್ ತೆರೆದಿಟ್ಟ ಫೈಲ್‌ನ) ಸಂಖ್ಯೆ, ಗಾತ್ರ, ಕೊನೆಯಲ್ಲಿ "ಡಿಲೀಟೆಡ್" ಎಂಬ ಗುರುತು, ಎಲ್ಲ ಬರುತ್ತದೆ. ಸರಿಯಾದ ಮದ್ದು ಆ ಸರ್ವಿಸನ್ನು ರೀಲೋಡ್ ಮಾಡುವುದು, ಆಗದಿದ್ದರೆ ರೀಸ್ಟಾರ್ಟ್. ರೀಸ್ಟಾರ್ಟ್ ಮಾಡಲು ಸಾಧ್ಯವೇ ಇಲ್ಲದ ಹೊತ್ತಾದರೆ, ಪಿಐಡಿ 2314, ಡಿಸ್ಕ್ರಿಪ್ಟರ್ 7 ಎಂದಿಟ್ಟುಕೊಳ್ಳಿ, ರೂಟ್ ಆಗಿ (ಎಲ್ಲ ಅಧಿಕಾರವಿರುವ ಬಳಕೆದಾರನಾಗಿ) ': > /ಪ್ರಾಕ್/2314/ಎಫ್‌ಡಿ/7' ಎಂದು ಕೊಟ್ಟರೆ ಫೈಲ್ ಸೊನ್ನೆಗೆ ಇಳಿಯುತ್ತದೆ, ಜಾಗ ಆ ಕ್ಷಣವೇ ವಾಪಸ್. ಲಾಗ್ ಫೈಲ್‌ಗಳಿಗೆ ಮಾತ್ರ ಇದು. ಡೇಟಾಬೇಸ್ ತೆರೆದಿಟ್ಟ ಫೈಲ್‌ಗೆ ದಯವಿಟ್ಟು ಇದನ್ನು ಮಾಡಬೇಡಿ.

ಇನ್ನು ಮುಂದೆ, ಬಳಕೆಯಲ್ಲಿರುವ ಲಾಗನ್ನು ಆರ್‌ಎಂ ಮಾಡುವ ಬದಲು 'ಟ್ರಂಕೇಟ್ -ಎಸ್ 0' ಮಾಡಿ. ಶಾಶ್ವತ ಪರಿಹಾರ, ಲಾಗ್‌ಗಳನ್ನು ಕಾಲಕಾಲಕ್ಕೆ ಬದಲಿಸಿ ಹಳೆಯದನ್ನು ಅಳಿಸುವ ಲಾಗ್‌ರೊಟೇಟ್. ಅದರ ಪೋಸ್ಟ್‌ರೊಟೇಟ್ ಭಾಗದಲ್ಲಿ ಸರ್ವಿಸ್‌ಗೆ ರೀಲೋಡ್ ಹೇಳಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯ ಪ್ರಕರಣ ಐನೋಡ್, ಅಂದರೆ ಡಿಸ್ಕ್ ಮೇಲೆ ಫೈಲ್‌ನ ವಿವರ ಇಡುವ ದಾಖಲೆ. 'ಡಿಎಫ್ -ಎಚ್'ನಲ್ಲಿ ಅರ್ಧ ಡಿಸ್ಕ್ ಖಾಲಿ, ಆದರೂ ಜಾಗವಿಲ್ಲ ಎಂಬ ದೂರು. 'ಡಿಎಫ್ -ಐ' ನೋಡಿದರೆ 100%. ಪ್ರತಿ ಫೈಲ್‌ಗೂ ಒಂದು ಐನೋಡ್ ಬೇಕು. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಮ್‌ನಲ್ಲಿ ಅವುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಗದಿಯಾಗಿಬಿಡುತ್ತದೆ, ಡಿಫಾಲ್ಟ್ ಆಗಿ 16 ಕೆಬಿಗೆ ಒಂದರಂತೆ. ಪಿಎಚ್‌ಪಿ ಸೆಷನ್ ಫೈಲ್‌ಗಳು, ಮೇಲ್ ಕ್ಯೂ, ಅಪ್ಲಿಕೇಷನ್ ಕ್ಯಾಶ್ ಇಂಥ ಲಕ್ಷಾಂತರ ಪುಟಾಣಿ ಫೈಲ್‌ಗಳು ಅದನ್ನು ಬರಿದು ಮಾಡುತ್ತವೆ. 'ಡಿಯು --ಐನೋಡ್ಸ್ -ಎಕ್ಸ್ --ಮ್ಯಾಕ್ಸ್-ಡೆಪ್ತ್=1 /' ಎಲ್ಲಿ ಗುಡ್ಡೆಯಾಗಿದೆ ಎಂದು ತೋರಿಸುತ್ತದೆ. ಅಳಿಸುವಾಗ 'ಆರ್‌ಎಂ *' ಕೊಟ್ಟರೆ "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್" ಎಂದು ಸುಮ್ಮನಾಗುತ್ತದೆ. ಅದಕ್ಕೆ 'ಫೈಂಡ್' ಕಮಾಂಡನ್ನು '-ಡಿಲೀಟ್' ಜೊತೆ ಬಳಸಿ. ಮೊದಲು '-ಡಿಲೀಟ್' ಇಲ್ಲದೆ ಓಡಿಸಿ ಪಟ್ಟಿ ನೋಡಿಕೊಂಡೇ ಮುಂದುವರಿಯಿರಿ.

ಮೂರನೆಯದು ಅಪರೂಪ, ಆದರೆ ಗೊತ್ತಿಲ್ಲದಿದ್ದರೆ ದಿನವಿಡೀ ತಿನ್ನುತ್ತದೆ. '/ಬ್ಯಾಕಪ್' ಎಂಬಲ್ಲಿ ಬೇರೆ ಡಿಸ್ಕ್ ಮೌಂಟ್ ಆಗಬೇಕಿತ್ತು, ಒಂದು ರಾತ್ರಿ ಆಗಲಿಲ್ಲ. ಬ್ಯಾಕಪ್ ಸ್ಕ್ರಿಪ್ಟ್ ರೂಟ್ ಡಿಸ್ಕ್‌ಗೇ ಬರೆದಿತು. ಬೆಳಿಗ್ಗೆ ಡಿಸ್ಕ್ ಮೌಂಟ್ ಮಾಡಿದ ಕೂಡಲೇ ಆ ಫೈಲ್‌ಗಳು ಅದರಡಿ ಮರೆಯಾದವು. 'ಮೌಂಟ್ --ಬೈಂಡ್ / /ಎಂಎನ್‌ಟಿ' ಕೊಟ್ಟು '/ಎಂಎನ್‌ಟಿ/ಬ್ಯಾಕಪ್' ಒಳಗೆ ನೋಡಿದರೆ ಅಡಗಿದ್ದು ಕಾಣುತ್ತದೆ.

ಸಾಮಾನ್ಯ ಕಸಕ್ಕೆ ಬಂದರೆ: ಜರ್ನಲ್ ಎಷ್ಟು ಹಿಡಿದಿದೆ ಎಂದು 'ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್' ಹೇಳುತ್ತದೆ. ಡಿಫಾಲ್ಟ್ ಮಿತಿ ಫೈಲ್‌ಸಿಸ್ಟಮ್‌ನ 10%, ಗರಿಷ್ಠ 4 ಜಿಬಿ. ಸಣ್ಣ ಸರ್ವರ್‌ಗೆ ಅದೂ ಹೆಚ್ಚೇ. '--ವ್ಯಾಕ್ಯೂಮ್-ಸೈಜ್=500ಎಂ' ಎಂದರೆ ಹಳೆಯದು ಹೋಗುತ್ತದೆ; ಎಂ ದೊಡ್ಡಕ್ಷರ. ಇಎಕ್ಸ್‌ಟಿ4 ಡಿಸ್ಕ್‌ನ 5% ರೂಟ್ ಬಳಕೆದಾರನಿಗೆ ಮೀಸಲಾಗಿರುತ್ತದೆ. 2 ಟಿಬಿ ಡೇಟಾ ಡಿಸ್ಕ್‌ನಲ್ಲಿ ಅದು 100 ಜಿಬಿ ಆಗುವುದರಿಂದ, ಡೇಟಾ ಡಿಸ್ಕ್‌ಗಳಲ್ಲಿ 'ಟ್ಯೂನ್2ಎಫ್‌ಎಸ್ -ಎಂ 1' ಮಾಡಿ ಇಳಿಸಬಹುದು. ಸಿಸ್ಟಮ್ ಡಿಸ್ಕ್‌ನಲ್ಲಿ ಹಾಗೇ ಬಿಡಿ. ಡಿಸ್ಕ್ ಪೂರ್ತಿ ತುಂಬಿದಾಗಲೂ ನೀವು ರೂಟ್ ಆಗಿ ಒಳಗೆ ಬಂದು ಕೆಲಸ ಮಾಡಲು ಆಗುವುದು ಆ ಮೀಸಲು ಇರುವುದರಿಂದಲೇ.

ಸರ್ವರ್ ಏದುಸಿರು ಬಿಡುತ್ತಿದ್ದರೆ

ಲೋಡ್ ಆವರೇಜ್‌ನ ಮೂರು ಅಂಕಿಗಳು ಕಳೆದ 1, 5, 15 ನಿಮಿಷಗಳವು. ಮೊದಲನೆಯದು ದೊಡ್ಡದು, ಕೊನೆಯದು ಚಿಕ್ಕದು ಎಂದರೆ ತೊಂದರೆ ಈಗಷ್ಟೇ ಶುರುವಾಗಿದೆ. ಅಂಕಿಯನ್ನು ಕೋರ್‌ಗಳ ಸಂಖ್ಯೆಯೊಂದಿಗೆ ಹೋಲಿಸಿ ನೋಡಬೇಕು. 'ಎನ್‌ಪ್ರಾಕ್' ಅದನ್ನು ಹೇಳುತ್ತದೆ. 16 ಕೋರ್‌ಗೆ 12 ಲೋಡ್ ಚಿಂತೆಯ ವಿಷಯವಲ್ಲ.

ಆದರೆ ಲಿನಕ್ಸ್‌ನಲ್ಲಿ ಲೋಡ್ ಎಂದರೆ ಸಿಪಿಯು ಮಾತ್ರವಲ್ಲ. ಡಿಸ್ಕ್ ಅಥವಾ ನೆಟ್‌ವರ್ಕ್ ಸ್ಟೋರೇಜ್‌ಗಾಗಿ ಅಲುಗಾಡದೆ ಕಾಯುತ್ತಿರುವ, 'ಡಿ' ಸ್ಥಿತಿಯ ಪ್ರೋಸೆಸ್‌ಗಳೂ ಅದರಲ್ಲಿ ಸೇರುತ್ತವೆ. 4 ಕೋರ್ ಸರ್ವರ್‌ನಲ್ಲಿ ಲೋಡ್ 22 ಇದೆ, 'ಟಾಪ್'ನಲ್ಲಿ ನೋಡಿದರೆ ಸಿಪಿಯು 'ಐಡಿ' ಅಂದರೆ ಬಿಡುವು 60%, 'ಡಬ್ಲ್ಯೂಎ' ಅಂದರೆ ಡಿಸ್ಕ್‌ಗಾಗಿ ಕಾಯುವ ಪಾಲು 35%. ಇಂಥಲ್ಲಿ ಸಿಪಿಯು ಹೆಚ್ಚಿಸಿದರೆ ದುಡ್ಡು ದಂಡ, ಕಾಯಿಸುತ್ತಿರುವುದು ಡಿಸ್ಕ್. 'ಪಿಎಸ್ -ಇಒ ಸ್ಟೇಟ್,ಪಿಐಡಿ,ಸಿಎಂಡಿ' ಕೊಟ್ಟು ಮೊದಲ ಅಕ್ಷರ 'ಡಿ' ಇರುವ ಸಾಲುಗಳನ್ನು ಹೆಕ್ಕಿ. ಎಲ್ಲವೂ ಒಂದೇ ಮೌಂಟ್‌ನ ಫೈಲ್‌ಗಳಿಗಾಗಿ ಕಾಯುತ್ತಿದ್ದರೆ ದಾರಿ ತೆರೆಯಿತು. ಆ ಸ್ಥಿತಿಯಲ್ಲಿರುವ ಪ್ರೋಸೆಸ್‌ಗೆ 'ಕಿಲ್ -9' ಅನೇಕ ಸಲ ತಟ್ಟುವುದೇ ಇಲ್ಲ, ಹೊಡೆಯುತ್ತಾ ಕೂರಬೇಡಿ. ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ) ಸರ್ವರ್ ಸತ್ತಿದ್ದರೆ ಡಿಎಫ್ ಕೂಡ ಸಿಕ್ಕಿಕೊಂಡು ನಿಲ್ಲಬಹುದು. ಆಗ 'ಡಿಎಫ್ -ಎಚ್‌ಎಲ್' ಬಳಸಿ, ಸ್ಥಳೀಯ ಡಿಸ್ಕ್‌ಗಳನ್ನಷ್ಟೇ ನೋಡುತ್ತದೆ.

ವರ್ಚುವಲ್ ಸರ್ವರ್ ಆಗಿದ್ದರೆ ಟಾಪ್‌ನ 'ಎಸ್‌ಟಿ' ಅಂಕಿಯ ಮೇಲೂ ಕಣ್ಣಿಡಿ. ನಿಮ್ಮ ಸಿಪಿಯು ಸಮಯವನ್ನು ಹೈಪರ್‌ವೈಸರ್ (ವರ್ಚುವಲ್ ಸರ್ವರ್‌ಗಳನ್ನು ನಡೆಸುವ ತಂತ್ರಾಂಶ) ಬೇರೆಯವರಿಗೆ ಕೊಟ್ಟ ಪಾಲು ಅದು. ಅದು ಎಡೆಬಿಡದೆ ಮೇಲಿದ್ದರೆ ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕುವುದು ವ್ಯರ್ಥ. 'ವಿಎಂಸ್ಟ್ಯಾಟ್ 1' ಓಡಿಸುವಾಗ ಮೊದಲ ಸಾಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಬೂಟ್ ಆದಾಗಿನಿಂದ ಇಲ್ಲಿಯವರೆಗಿನ ಸರಾಸರಿ. ಕರ್ನಲ್ 4.20 ರಿಂದೀಚೆಗೆ '/ಪ್ರಾಕ್/ಪ್ರೆಷರ್' ಒಳಗೆ ಸಿಪಿಯು, ಮೆಮೊರಿ, ಐ/ಒ ಎಂದು ಮೂರು ಫೈಲ್‌ಗಳಿವೆ. ಪ್ರೋಸೆಸ್‌ಗಳು ಯಾವುದಕ್ಕಾಗಿ ಎಷ್ಟು ಶೇಕಡಾ ಸಮಯ ಕಾಯುತ್ತಾ ನಿಂತಿದ್ದವು ಎಂದು ಅವು ನೇರವಾಗಿ ಹೇಳುತ್ತವೆ. ಲೋಡ್ ಆವರೇಜ್‌ಗಿಂತ ನಾನು ಇದನ್ನೇ ಹೆಚ್ಚು ನಂಬುತ್ತೇನೆ.

ಮೆಮೊರಿ ವಿಷಯಕ್ಕೆ ಬರೋಣ. 'ಫ್ರೀ -ಎಚ್'ನಲ್ಲಿ 'ಫ್ರೀ' ಕಾಲಂ ಚಿಕ್ಕದಾಗಿರುವುದು ಸಹಜ. ಬಿಡುವಾದ ಮೆಮೊರಿಯನ್ನು ಕರ್ನಲ್ ಡಿಸ್ಕ್ ಕ್ಯಾಶ್‌ಗೆ ಬಳಸಿಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೈಲಬಲ್' ಕಾಲಂ. ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಗಂಟೆಗೊಮ್ಮೆ 'ಡ್ರಾಪ್_ಕ್ಯಾಶಸ್' (ಕ್ಯಾಶ್ ಖಾಲಿ) ಮಾಡಿಸಿದರೆ ಉಪಕಾರವಿಲ್ಲ, ಸರ್ವರ್ ಮತ್ತೆ ಎಲ್ಲವನ್ನೂ ಡಿಸ್ಕ್‌ನಿಂದ ಓದಬೇಕಾಗಿ ಇನ್ನಷ್ಟು ನಿಧಾನವಾಗುತ್ತದೆ.

ಅವೈಲಬಲ್ ನಿಜವಾಗಿಯೂ ತಳ ಕಂಡಾಗ ಕರ್ನಲ್‌ನ ಒಒಎಂ (ಔಟ್ ಆಫ್ ಮೆಮೊರಿ) ಕಿಲ್ಲರ್ ಒಂದು ಪ್ರೋಸೆಸನ್ನು ಕೊಲ್ಲುತ್ತದೆ. ಸರ್ವಿಸ್‌ನ ಸ್ವಂತ ಲಾಗ್‌ನಲ್ಲಿ ಏನೂ ಇರುವುದಿಲ್ಲ, ಮಾತು ಅರ್ಧಕ್ಕೆ ನಿಂತ ಹಾಗಿರುತ್ತದೆ. ಡಿಮೆಸ್‌ಜಿಯಲ್ಲಿ "ಕಿಲ್ಡ್ ಪ್ರೋಸೆಸ್" ಹುಡುಕಿ. ಕಂಟೇನರ್ 137 ಎಂಬ ಕೋಡ್‌ನೊಂದಿಗೆ ಸತ್ತಿದ್ದರೂ ಮೊದಲ ಅನುಮಾನ ಇದರ ಮೇಲೇ ಇರಲಿ. 128 ಕ್ಕೆ ಸಿಗ್ನಲ್ 9 ಸೇರಿದರೆ 137. ಸತ್ತದ್ದೇ ಅಪರಾಧಿ ಎಂದು ತೀರ್ಮಾನಿಸಬೇಡಿ. ಸಾಮಾನ್ಯವಾಗಿ ಬಲಿಯಾಗುವುದು ಹೆಚ್ಚು ಮೆಮೊರಿ ಹಿಡಿದಿರುವುದು, ಬಹುತೇಕ ಡೇಟಾಬೇಸ್. ಉಬ್ಬಿದ್ದು ಬೇರೆ ಯಾವುದೋ ಆಗಿರಬಹುದು. ಕೊಂದ ಸಾಲಿನ ಮೇಲೆ ಆ ಕ್ಷಣದ ಎಲ್ಲ ಪ್ರೋಸೆಸ್‌ಗಳ ಪಟ್ಟಿ ಇರುತ್ತದೆ. ಅಲ್ಲಿನ 'ಆರ್‌ಎಸ್‌ಎಸ್' (ಪ್ರೋಸೆಸ್ ಹಿಡಿದಿರುವ ಮೆಮೊರಿ) ಸಂಖ್ಯೆ ಪೇಜ್‌ಗಳಲ್ಲಿದೆ, ಸಾಮಾನ್ಯ ಸರ್ವರ್‌ಗಳಲ್ಲಿ ಒಂದು ಪೇಜ್ ಎಂದರೆ 4 ಕೆಬಿ. ಪಟ್ಟಿಯಲ್ಲಿ ಒಂದೇ ಹೆಸರಿನ ಅರವತ್ತು ವರ್ಕರ್‌ಗಳು, ತಲಾ 20,000 ಪೇಜ್ ಎಂದಿಟ್ಟುಕೊಳ್ಳಿ: ಒಂದೊಂದಕ್ಕೆ ಸುಮಾರು 80 ಎಂಬಿ, ಒಟ್ಟು 4.8 ಜಿಬಿ. 4 ಜಿಬಿ ಸರ್ವರ್‌ನಲ್ಲಿ ವರ್ಕರ್ ಮಿತಿಯನ್ನು 60 ಎಂದು ಬರೆದಿಟ್ಟಾಗಲೇ ಈ ಸಾವು ನಿಶ್ಚಯವಾಗಿತ್ತು, ಜನ ಹೆಚ್ಚು ಬಂದ ದಿನ ನಡೆಯಿತು ಅಷ್ಟೆ. ಮಿತಿ ಇಳಿಸಿ, ಇಲ್ಲವೇ ಮೆಮೊರಿ ಏರಿಸಿ.

ಸರ್ವಿಸ್ ಏಳುತ್ತಿಲ್ಲ

'ಸಿಸ್ಟಮ್‌ಸಿಟಿಎಲ್ ಸ್ಟೇಟಸ್' ಕೊನೆಯ ಹತ್ತು ಸಾಲು ಮಾತ್ರ ತೋರಿಸುತ್ತದೆ, ಕಾರಣ ಅದಕ್ಕೂ ಮೇಲಿರುತ್ತದೆ. 'ಜರ್ನಲ್‌ಸಿಟಿಎಲ್ -ಯು ಹೆಸರು -ಬಿ' ಕೊಟ್ಟು ಮೇಲಿನಿಂದ ಓದಿ. ಮೊದಲ ದೋಷವೇ ಮುಖ್ಯ, ಅದರ ನಂತರದವು ಅದರ ಮಕ್ಕಳು. ಸ್ಟೇಟಸ್‌ನಲ್ಲಿ ಬರುವ ಕೆಲವು ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಹೊತ್ತು ಉಳಿಯುತ್ತದೆ. 203 ಬಂದರೆ ಓಡಿಸಬೇಕಾದ ಫೈಲ್ ಆ ಜಾಗದಲ್ಲಿಲ್ಲ, ಅಥವಾ ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಇಲ್ಲ, ಅಥವಾ ಸ್ಕ್ರಿಪ್ಟ್‌ನ ಮೊದಲ ಸಾಲು ತಪ್ಪಾಗಿದೆ. ವಿಂಡೋಸ್‌ನಲ್ಲಿ ತಿದ್ದಿ ತಂದ ಸ್ಕ್ರಿಪ್ಟ್‌ನ ಸಾಲುಗಳ ಕೊನೆಯಲ್ಲಿ ಕಾಣದ ಅಕ್ಷರ ಸೇರಿಕೊಂಡಾಗಲೂ ಇದೇ ಬರುತ್ತದೆ. 217 ಎಂದರೆ ಯೂನಿಟ್ ಫೈಲ್‌ನಲ್ಲಿ (ಸರ್ವಿಸನ್ನು ಹೇಗೆ ಓಡಿಸಬೇಕೆಂದು ಬರೆದಿಟ್ಟ ಫೈಲ್) ಹೇಳಿದ ಬಳಕೆದಾರ ಸಿಸ್ಟಮ್‌ನಲ್ಲಿಲ್ಲ. 200 ಎಂದರೆ ವರ್ಕಿಂಗ್ ಡೈರೆಕ್ಟರಿಗೆ ಹೋಗಲಾಗಲಿಲ್ಲ.

ಹತ್ತು ಸೆಕೆಂಡಿನಲ್ಲಿ ಐದು ಸಲ ಎಬ್ಬಿಸಿದರೆ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಡಿಫಾಲ್ಟ್ ಆಗಿ ಕೈಬಿಡುತ್ತದೆ. ಕಾರಣ ಸರಿಪಡಿಸಿದ ಮೇಲೂ ಏಳದಿದ್ದರೆ 'ಸಿಸ್ಟಮ್‌ಸಿಟಿಎಲ್ ರೀಸೆಟ್-ಫೇಲ್ಡ್' ಕೊಟ್ಟು ಸ್ಟಾರ್ಟ್ ಮಾಡಿ. ಯೂನಿಟ್ ಫೈಲ್ ತಿದ್ದಿದ್ದರೆ 'ಡೀಮನ್-ರೀಲೋಡ್' ಮರೆಯಬೇಡಿ.

ಕಾನ್ಫಿಗ್ ತಿದ್ದಿದಾಗಲೆಲ್ಲ ರೀಸ್ಟಾರ್ಟ್‌ಗೆ ಮುಂಚೆ ಪರೀಕ್ಷಿಸುವ ಅಭ್ಯಾಸ ಬೆಳೆಸಿಕೊಳ್ಳಿ: 'ಎಂಜಿನ್‌ಎಕ್ಸ್ -ಟಿ' (ಟೈಪ್ ಮಾಡುವಾಗ ಎನ್, ಜಿ, ಐ, ಎನ್, ಎಕ್ಸ್), 'ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್', 'ಎಸ್‌ಎಸ್‌ಎಚ್‌ಡಿ -ಟಿ'. ಒಂದು ಅರ್ಧವಿರಾಮ ಬಿಟ್ಟುಹೋದದ್ದಕ್ಕೆ ಓಡುತ್ತಿದ್ದ ವೆಬ್ ಸರ್ವರ್ ಬೀಳುವುದು ಹೀಗೆ ತಪ್ಪುತ್ತದೆ.

ಒಳಗೆ ಸರಿ, ಹೊರಗಿನಿಂದ ತಲುಪುತ್ತಿಲ್ಲ

ದೋಷದ ಮಾತನ್ನು ಅಕ್ಷರಶಃ ಓದಿ. "ಕನೆಕ್ಷನ್ ರೆಫ್ಯೂಸ್ಡ್" ಎಂದರೆ ಸಾಮಾನ್ಯವಾಗಿ ಪ್ಯಾಕೆಟ್ ಸರ್ವರ್‌ವರೆಗೆ ಬಂದಿದೆ, ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ. "ಟೈಮ್ಡ್ ಔಟ್" ಎಂದರೆ ದಾರಿಯಲ್ಲೇ ಎಲ್ಲೋ ಮಾಯವಾಗುತ್ತಿದೆ, ಬಹುಮಟ್ಟಿಗೆ ಫೈರ್‌ವಾಲ್. "ನೋ ರೂಟ್ ಟು ಹೋಸ್ಟ್" ಬಂದಾಗ ರೂಟಿಂಗ್ ಟೇಬಲ್ ತಡಕುವ ಮುಂಚೆ ಫೈರ್‌ವಾಲ್‌ಡಿ ನೋಡಿ. ಅದು ತಿರಸ್ಕರಿಸುವಾಗ ಕಳಿಸುವ ಉತ್ತರ ಆ ಕಡೆ ಹೀಗೇ ಕಾಣುತ್ತದೆ.

ಮೊದಲು ಸರ್ವರ್ ಮೇಲೆ 'ಎಸ್‌ಎಸ್ -ಟಿಎಲ್‌ಎನ್‌ಪಿ'. ವಿಳಾಸ 127.0.0.1 ಎಂದಿದ್ದರೆ ಆ ಸರ್ವಿಸ್ ಹೊರಗಿನವರಿಗೆ ಕಿವಿಗೊಡುತ್ತಲೇ ಇಲ್ಲ. ಡೇಟಾಬೇಸ್‌ಗೆ ಅದೇ ಒಳ್ಳೆಯದು, ವೆಬ್ ಸರ್ವರ್‌ಗೆ ಅಲ್ಲ. ಆಮೇಲೆ ಲೋಕಲ್‌ಹೋಸ್ಟ್‌ಗೆ, ಬಳಿಕ ಸರ್ವರ್‌ನ ಸ್ವಂತ ಐಪಿಗೆ, ಕೊನೆಗೆ ಹೊರಗಿನಿಂದ 'ಕರ್ಲ್ -ವಿ' ಮಾಡಿ. ಎಲ್ಲಿ ಮುರಿಯುತ್ತದೋ ಅಲ್ಲೇ ಕಾರಣ. ಕ್ಲೌಡ್ ಆಗಿದ್ದರೆ ಸರ್ವರ್ ಒಳಗಿನ ಫೈರ್‌ವಾಲ್ ಅಲ್ಲದೆ ಹೊರಗೂ ಒಂದಿರುತ್ತದೆ. ವಾದ ಬಗೆಹರಿಯದಿದ್ದರೆ 'ಟಿಸಿಪಿಡಂಪ್ -ಎನ್‌ಐ ಎನಿ ಪೋರ್ಟ್ 443' ಓಡಿಸಿಟ್ಟು ಹೊರಗಿನಿಂದ ಪ್ರಯತ್ನಿಸಿ. ಒಂದೂ ಪ್ಯಾಕೆಟ್ ಕಾಣಲಿಲ್ಲವೆಂದರೆ ನಿಮ್ಮ ಸರ್ವರ್ ನಿರಪರಾಧಿ.

ಹೆಸರು ಐಪಿ ಆಗುತ್ತಿಲ್ಲವಾದರೆ 'ಡಿಗ್' ಒಂದನ್ನೇ ನಂಬಬೇಡಿ. ಡಿಗ್ ನೇರವಾಗಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಹೆಚ್ಚಿನ ಅಪ್ಲಿಕೇಷನ್‌ಗಳು '/ಇಟಿಸಿ/ಹೋಸ್ಟ್ಸ್' ಸೇರಿದಂತೆ ಸಿಸ್ಟಮ್ ಹೇಳಿದ ದಾರಿ ಹಿಡಿಯುತ್ತವೆ. 'ಗೆಟ್‌ಎಂಟ್ ಹೋಸ್ಟ್ಸ್ ಹೆಸರು' ಆ ದಾರಿಯಲ್ಲೇ ಹೋಗಿ ಉತ್ತರ ತರುತ್ತದೆ. ಎರಡರ ಉತ್ತರ ಬೇರೆ ಬೇರೆಯಾದರೆ ಹೋಸ್ಟ್ಸ್ ಫೈಲ್‌ನಲ್ಲಿ ಹಳೆಯ ಸಾಲೊಂದು ಉಳಿದಿರುವ ಸಾಧ್ಯತೆ ದೊಡ್ಡದು.

ಎಸ್‌ಎಸ್‌ಎಚ್ ಬಾಗಿಲು

ಎಸ್‌ಎಸ್‌ಎಚ್ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಕಾನ್ಫಿಗ್ ಅಥವಾ ಫೈರ್‌ವಾಲ್ ಮುಟ್ಟುವಾಗ ತೆರೆದಿರುವ ಸೆಷನ್ ಮುಚ್ಚಬೇಡಿ. ಬದಲಾಯಿಸಿ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಆದ ಮೇಲಷ್ಟೇ ಹಳೆಯದನ್ನು ಬಿಡಿ. ಫೈರ್‌ವಾಲ್‌ಗೆ ಇನ್ನೊಂದು ರಕ್ಷಣೆಯೂ ಇದೆ: ನಿಯಮ ಹಾಕುವ ಮುಂಚೆ 'ಸಿಸ್ಟಮ್‌ಡಿ-ರನ್ --ಆನ್-ಆಕ್ಟಿವ್=5ಎಂ ಯುಎಫ್‌ಡಬ್ಲ್ಯೂ ಡಿಸೇಬಲ್' ಕೊಟ್ಟಿಡಿ; ಯುಎಫ್‌ಡಬ್ಲ್ಯೂ ಎಂದರೆ ಫೈರ್‌ವಾಲ್ ನಡೆಸುವ ಕಮಾಂಡ್. ನೀವು ಹೊರಗೆ ಸಿಕ್ಕಿಹಾಕಿಕೊಂಡರೂ ಐದು ನಿಮಿಷದಲ್ಲಿ ಬಾಗಿಲು ತಾನಾಗಿ ತೆರೆಯುತ್ತದೆ. ಎಲ್ಲ ಸರಿಯಿದ್ದರೆ ಆ ಟೈಮರನ್ನು ನಿಲ್ಲಿಸಿಬಿಡಿ.

ಕೀ ಸರಿಯಿದ್ದೂ ಪಾಸ್‌ವರ್ಡ್ ಕೇಳುತ್ತಿದ್ದರೆ ತಪ್ಪು ಸಾಮಾನ್ಯವಾಗಿ ಅನುಮತಿಗಳದು. '.ಎಸ್‌ಎಸ್‌ಎಚ್' ಡೈರೆಕ್ಟರಿ 700, 'ಆಥರೈಸ್ಡ್_ಕೀಸ್' 600, ಹೋಮ್ ಡೈರೆಕ್ಟರಿಗೆ ಗುಂಪಿನವರು ಬರೆಯುವಂತಿರಬಾರದು. ಕ್ಲೈಂಟ್ ಕಡೆಯ 'ಎಸ್‌ಎಸ್‌ಎಚ್ -ವಿವಿವಿ' ಅರ್ಧ ಕಥೆ ಹೇಳುತ್ತದೆ. ನಿಜವಾದ ಕಾರಣ ಸರ್ವರ್ ಕಡೆಯ ಲಾಗ್‌ನಲ್ಲಿರುತ್ತದೆ, ಡೆಬಿಯನ್ ಕುಟುಂಬದಲ್ಲಿ 'ಆಥ್.ಲಾಗ್', ರೆಡ್‌ಹ್ಯಾಟ್‌ನಲ್ಲಿ 'ಸೆಕ್ಯೂರ್'. ಆ ಫೈಲ್ ಇಲ್ಲದಿದ್ದರೆ ಜರ್ನಲ್ ನೋಡಿ.

"ಪರ್ಮಿಷನ್ ಡಿನೈಡ್"

777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಕೊಟ್ಟು ಕೈತೊಳೆದುಕೊಳ್ಳಬೇಡಿ. 'ನೇಮ್‌ಐ -ಎಲ್' ಗೆ ಪೂರ್ತಿ ಪಾತ್ ಕೊಟ್ಟರೆ ದಾರಿಯ ಪ್ರತಿ ಡೈರೆಕ್ಟರಿಯ ಅನುಮತಿಯೂ ಸಾಲಾಗಿ ಬರುತ್ತದೆ. ಅಡ್ಡಿ ಫೈಲ್‌ನಲ್ಲಲ್ಲ, ಮಧ್ಯದ ಯಾವುದೋ ಡೈರೆಕ್ಟರಿಯಲ್ಲಿ ಎಂದು ಬಹಳ ಸಲ ಗೊತ್ತಾಗುತ್ತದೆ. ಅದೂ ಸರಿಯಿದ್ದರೆ ಎಸ್‌ಇಲಿನಕ್ಸ್ ಎಂಬ ಹೆಚ್ಚುವರಿ ಭದ್ರತಾ ಪದರ. 'ಆಸರ್ಚ್ -ಎಂ ಎವಿಸಿ -ಟಿಎಸ್ ರೀಸೆಂಟ್' ತಡೆದದ್ದನ್ನು ತೋರಿಸುತ್ತದೆ. ಹೋಮ್‌ನಿಂದ ವೆಬ್ ಡೈರೆಕ್ಟರಿಗೆ 'ಎಂವಿ' ಮಾಡಿದ ಫೈಲ್ ಹಳೆಯ ಲೇಬಲ್ ಹೊತ್ತೇ ಬಂದಿರುತ್ತದೆ, 'ರಿಸ್ಟೋರ್‌ಕಾನ್' ಸಾಕು. ಇದೊಂದಕ್ಕಾಗಿ ಎಸ್‌ಇಲಿನಕ್ಸನ್ನೇ ಆರಿಸಿಬಿಡುವುದು ಸರ್ವರ್‌ಗೆ ಮಾಡುವ ಅನ್ಯಾಯ.

ಚಿಕ್ಕ ಪುಟ್ಟವು

ಸರ್ಟಿಫಿಕೇಟ್ ಅವಧಿ ಮುಗಿದಿದೆ ಎಂದು ಬ್ರೌಸರ್ ಹೇಳುತ್ತದೆ, ಡಿಸ್ಕ್ ಮೇಲಿನ ಫೈಲ್ ಹೊಸದಿದೆ: ವೆಬ್ ಸರ್ವರನ್ನು ರೀಲೋಡ್ ಮಾಡಿಲ್ಲ. ಎಲ್ಲ ಕಡೆ ಸರ್ಟಿಫಿಕೇಟ್ ದೋಷ ಬರುತ್ತಿದ್ದರೆ ಗಡಿಯಾರ ನೋಡಿ, 'ಟೈಮ್‌ಡೇಟ್‌ಸಿಟಿಎಲ್'. ಕೈಯಲ್ಲಿ ಓಡುವ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಓಡದಿದ್ದರೆ ಅಲ್ಲಿನ ಪಾತ್ (ಕಮಾಂಡ್ ಹುಡುಕುವ ಡೈರೆಕ್ಟರಿಗಳ ಪಟ್ಟಿ) ತೀರಾ ಚಿಕ್ಕದು, ಕಮಾಂಡ್‌ಗಳಿಗೆ ಪೂರ್ತಿ ಪಾತ್ ಬರೆಯಿರಿ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಚಿಹ್ನೆ ಇದ್ದರೆ ಅದಕ್ಕೆ ಮೊದಲು ಒಂದು ಬ್ಯಾಕ್‌ಸ್ಲ್ಯಾಶ್ ಬೇಕು. ಇದ್ದಕ್ಕಿದ್ದಂತೆ ಎಲ್ಲವೂ "ರೀಡ್-ಓನ್ಲಿ" ಆಗಿದ್ದರೆ ಡಿಸ್ಕ್ ದೋಷ ಕಂಡು ಕರ್ನಲ್ಲೇ ಬೀಗ ಹಾಕಿದೆ. ಬಲವಂತವಾಗಿ ತೆರೆಯುವ ಮುಂಚೆ ಡೇಟಾ ಬೇರೆಡೆ ಸಾಗಿಸಿ, 'ಸ್ಮಾರ್ಟ್‌ಸಿಟಿಎಲ್' ಕೊಟ್ಟು ಡಿಸ್ಕ್‌ನ ಆರೋಗ್ಯ ನೋಡಿ. ಮೌಂಟ್ ಆಗಿರುವ ಡಿಸ್ಕ್ ಮೇಲೆ ಎಫ್‌ಎಸ್‌ಸಿಕೆ (ಫೈಲ್‌ಸಿಸ್ಟಮ್ ರಿಪೇರಿ ಮಾಡುವ ಕಮಾಂಡ್) ಓಡಿಸಿದರೆ ಉಳಿದದ್ದೂ ಹಾಳಾಗಬಹುದು.

ರೀಬೂಟ್ ಮಾಡಲೇಬೇಕಾದರೆ

ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಆಗ ಮೊದಲು 'ಫೈಂಡ್‌ಎಂಎನ್‌ಟಿ --ವೆರಿಫೈ' ಓಡಿಸಿ, ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್‌ನಲ್ಲಿ ತಪ್ಪಿದ್ದರೆ ಈಗಲೇ ಹೇಳುತ್ತದೆ. ಇಲ್ಲದ ಡಿಸ್ಕ್‌ನ ಒಂದು ಸಾಲು ಸಾಕು, ಸರ್ವರ್ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತುಬಿಡುತ್ತದೆ. ಅನಿವಾರ್ಯವಲ್ಲದ ಡಿಸ್ಕ್‌ಗಳಿಗೆ 'ನೋಫೇಲ್' ಸೇರಿಸಿ. ಮುಖ್ಯ ಸರ್ವಿಸ್‌ಗಳು 'ಎನೇಬಲ್' ಆಗಿವೆಯೇ ನೋಡಿ. ತಿಂಗಳುಗಳ ಹಿಂದೆ ಕೈಯಲ್ಲಿ ಸ್ಟಾರ್ಟ್ ಮಾಡಿದ್ದು ರೀಬೂಟ್ ನಂತರ ಏಳುವುದಿಲ್ಲ. ಕನ್ಸೋಲ್‌ಗೆ ಹೋಗುವ ದಾರಿ ಮತ್ತು ರೂಟ್ ಪಾಸ್‌ವರ್ಡ್ ಕೈಯಲ್ಲಿರಲಿ.

ಕೊನೆಯದಾಗಿ '/ವಾರ್/ಲಾಗ್/ಜರ್ನಲ್' ಡೈರೆಕ್ಟರಿ ಇದೆಯೇ ಪರೀಕ್ಷಿಸಿ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದಿಲ್ಲದಿದ್ದರೆ ಜರ್ನಲ್ ಮೆಮೊರಿಯಲ್ಲೇ ಇದ್ದು ರೀಬೂಟ್‌ನೊಂದಿಗೆ ಹೋಗುತ್ತದೆ. ಡೈರೆಕ್ಟರಿ ಮಾಡಿ 'ಜರ್ನಲ್‌ಸಿಟಿಎಲ್ --ಫ್ಲಶ್' ಕೊಟ್ಟು ರೀಬೂಟ್ ಮಾಡಿ. ಸರ್ವರ್ ಎದ್ದ ಮೇಲೆ 'ಜರ್ನಲ್‌ಸಿಟಿಎಲ್ -ಬಿ -1 -ಇ' ಎಂದರೆ ಹಿಂದಿನ ಬೂಟ್‌ನ ಕೊನೆಯ ಸಾಲುಗಳು ತೆರೆದುಕೊಳ್ಳುತ್ತವೆ. ಹುಡುಕಾಟ ಅಲ್ಲಿಂದ ಮುಂದುವರಿಸಿ.